ಅಪ್ಪನ ಬಿಲಿರುಬಿನ್ ಇಳಿದಿದೆ, ಇನ್ನೆಷ್ಟು ವರ್ಷ ಬದುಕಬಹುದು?

ಕುಡಿತದಿಂದ ಲಿವರ್ ಕೆಟ್ಟು ಅಡ್ಮಿಟ್ ಆಗಿದ್ದ ತಂದೆಯವರು ನಾಳೆ ಡಿಸ್ಚಾರ್ಜ್, ಬಿಲಿರುಬಿನ್ (ಕಾಮಾಲೆ, ಅಂದರೆ ಕಾಮಣಿ ಆದಾಗ ರಕ್ತದಲ್ಲಿ ಏರುವ ಹಳದಿ ಅಂಶ) 14ರಿಂದ 6ಕ್ಕೆ ಬಂದಿದೆ ಅಂತ ಬರೆದಿದ್ದೀರಿ. ನಮ್ಮಣ್ಣನದೂ ಹೀಗೇ ಇಳಿದಿತ್ತು.

ಕಲಬುರಗಿಯಲ್ಲಿ ಅವನ ಹೊಟ್ಟೆಯ ನೀರು ತೆಗೆದರು, ಅಲ್ಬುಮಿನ್ ಅನ್ನೋ ಪ್ರೋಟೀನ್ ಡ್ರಿಪ್ ಏರಿಸಿದರು. ಯಾದಗಿರಿಗೆ ಕರೆದುಕೊಂಡು ಬಂದೆವು. ನೋಡೋಕೆ ಬಂದವರೆಲ್ಲ "ಕಾಮಣಿ ಇಳದದ, ಇನ್ನೇನ್ ಚಿಂತಿಲ್ಲ" ಅಂದರು.

ಮುಂದಿನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ನೀವೂ ಮಾಡೋ ಸಾಧ್ಯತೆ ಜಾಸ್ತಿ. ಲ್ಯಾಕ್ಟುಲೋಸ್ ಅಂತ ಒಂದು ಸಿಹಿ ಸಿರಪ್ ಕೊಟ್ಟಿದ್ದರು. ಮಲಬದ್ಧತೆಗೆ ಕೊಡೋದು ಅಲ್ವಾ ಅಂದುಕೊಂಡೆ. ಅಣ್ಣ ಪದೇ ಪದೇ ಸಂಡಾಸಿಗೆ ಹೋಗತೊಡಗಿದ. ಮೊದಲೇ ಸೊರಗಿದ್ದಾನೆ, ಭೇದಿಯಾದರೆ ಇನ್ನೂ ನಿತ್ರಾಣ ಅಂತ ನಾನೇ ಸಿರಪ್ ನಿಲ್ಲಿಸಿದೆ. ದಿನಕ್ಕೆ 2-3 ಸಲ ಮೆತ್ತಗೆ ಹೋಗಲಿ ಅಂತಲೇ ಅದನ್ನು ಕೊಡೋದು! ಕೆಟ್ಟ ಲಿವರ್ ಕರುಳಿನಲ್ಲಿ ಹುಟ್ಟುವ ಅಮೋನಿಯಾ ಅನ್ನೋ ವಿಷವನ್ನು ಸರಿಯಾಗಿ ಸೋಸುವುದಿಲ್ಲ. ಕರುಳಿನಿಂದಲೂ ಹೊರಹೋಗದಿದ್ದರೆ ಅದು ಮೆದುಳಿಗೆ ಏರುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ ಶುರುವಾಯಿತು. ಕೈ ಚಾಚಿದರೆ ಅಂಗೈ ರೆಕ್ಕೆಯ ಹಾಗೆ ಬಡಿಯುತ್ತಿತ್ತು. ಅಂಗಿಯ ಗುಂಡಿ ಹಿಡಿದುಕೊಂಡು, ಹಾಕೋದು ಹೇಗೆ ಅಂತ ತಿಳಿಯದೆ ಕೂತಿದ್ದ. ವೈನಿ "ಮತ್ತ ಕುಡದ ಬಂದಾರ" ಅಂತ ಅತ್ತರು. ನಾನು ಬೈದೆ. ಅವನು ಒಂದು ತೊಟ್ಟೂ ಕುಡಿದಿರಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಮತ್ತೆ ಕಲಬುರಗಿ, ಐಸಿಯು. ಸೋಂಕಾಯಿತು, ಕಿಡ್ನಿ ಹೋಯಿತು, ಅಣ್ಣನೂ ಹೋದ.

ಅದಕ್ಕೇ "ಎಷ್ಟು ವರ್ಷ" ಅನ್ನೋ ಪ್ರಶ್ನೆಯನ್ನೇ ಬಿಡಿ. ಬಿಲಿರುಬಿನ್ ಒಂದನ್ನೇ ನೋಡಿ ಯಾರೂ ಹೇಳಲಾರರು. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಎಲ್ಲ ಸೇರಿಸಿ, ಲಿವರ್ ಎಷ್ಟು ಕೆಟ್ಟಿದೆ ಅಂತ ಹೇಳುವ ಮೆಲ್ಡ್ ಸ್ಕೋರನ್ನು 6ರಿಂದ 40ರವರೆಗೆ ಲೆಕ್ಕ ಹಾಕುತ್ತಾರೆ, ಅದೂ ಮುಂದಿನ 3 ತಿಂಗಳ ಮಾತು. ಆಮೇಲಿನದು ಬಹುಪಾಲು ಅವರು ಕುಡಿತ ಪೂರ್ತಿ ಬಿಡುತ್ತಾರಾ ಅನ್ನೋದರ ಮೇಲೆ ನಿಂತಿದೆ. "ಸೇಂದಿ ತಂಪು, ಬಿಯರ್ ಆದರೆ ನಡೆಯುತ್ತೆ" ಅನ್ನೋ ನೆಂಟರನ್ನು ಒಳಗೇ ಬಿಡಬೇಡಿ. ಕಾಮಣಿಗೆ ಬೇರು ಅರೆದು ಕೊಡೋರನ್ನೂ ಅಷ್ಟೇ. ನಮ್ಮ ಕಡೆ ಪಥ್ಯ ಅಂತ ಬರೀ ಗಂಜಿ ಕುಡಿಸುತ್ತಾರೆ, ಅದು ಬೇಡ. ತೊಗರಿಬೇಳೆ, ಮೊಟ್ಟೆ ಕೊಡಿ, ಉಪ್ಪು ಕಡಿಮೆ ಮಾಡಿ, ಮಲಗೋ ಮುಂಚೆ ಏನಾದರೂ ತಿನ್ನಿಸಿ.

ನಾಳೆ ಚೀಟಿ ಕೈಗೆ ಬಂದಾಗ, ಭೇದಿ ಜಾಸ್ತಿಯಾದರೆ ಸಿರಪ್ ಎಷ್ಟಕ್ಕೆ ಇಳಿಸಬೇಕು ಅಂತ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಅಪ್ಪನ ಮಾತು ತೊದಲಿದರೆ ಬಾಯಿ ವಾಸನೆ ನೋಡುತ್ತಾ ಕೂರಬೇಡಿ, ಗಾಡಿ ಮಾಡಿ.