ಹುಳಿ ನೀರು ಮೇಲೆ ಬಂದರೂ ಅನ್ನನಾಳ ಸುಡದೆ ಉಳಿಯುವುದು ಹೇಗೆ?

ನೀವು ಕಲಬುರಗಿಯವರು, ಖಾರ ಬಿಟ್ಟರೂ ರಾತ್ರಿ ರೊಟ್ಟಿ ಉಂಡು ಅಡ್ಡಾದ ಕೂಡಲೇ ಹುಳಿ ನೀರು ಗಂಟಲಿಗೆ ಬರುತ್ತದೆ ಎಂದಿದ್ದೀರಿ. ಇಷ್ಟು ದಿನವಾದರೂ ಅನ್ನನಾಳ ಏಕೆ ಸುಟ್ಟಿಲ್ಲ, ರಾತ್ರಿಯೇ ಏಕೆ ತ್ರಾಸ ಹೆಚ್ಚು ಎಂಬುದು ನಿಮ್ಮ ಪ್ರಶ್ನೆ. ಎರಡಕ್ಕೂ ನಾನು ಮೊದಲು ಹೇಳುವುದು ಉಗುಳಿನ ಹೆಸರು.

ಅನ್ನನಾಳದ ಕೆಳತುದಿಯಲ್ಲಿ ಬಿಗಿ ಸ್ನಾಯು ಇದೆ, ಸುತ್ತ ವಪೆಯೂ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ) ಒತ್ತಿ ಹಿಡಿದಿರುತ್ತದೆ. ಹೊಟ್ಟೆ ಬಿರಿಯ ಉಂಡಾಗ ತೇಗು ಬಿಡಲು ಆ ಬಿಗಿ ಸ್ನಾಯು ಆಗಾಗ ಸಡಿಲಾಗುತ್ತದೆ. ಆಮ್ಲ ನುಸುಳುವುದು ಹೆಚ್ಚಾಗಿ ಆಗಲೇ. ಸಮಾಧಾನಕ್ಕೆಂದು ಸೋಡಾ ಕುಡಿದರೆ ಗಾಳಿ ತುಂಬಿ ಇನ್ನಷ್ಟು ಸಡಿಲಾಗುತ್ತದೆ.

ನುಸುಳಿದ ಆಮ್ಲವನ್ನು ಅನ್ನನಾಳ ಮೇಲಿಂದ ಹಿಂಡುತ್ತ ಒಂದೆರಡು ಅಲೆಯಲ್ಲೇ ಬಹುಪಾಲು ಕೆಳಗೆ ತಳ್ಳುತ್ತದೆ. ಆದರೆ ಎಣ್ಣೆ ಬಗ್ಗಿಸಿದ ಡಬ್ಬಿಯಲ್ಲಿ ಜಿಡ್ಡು ಉಳಿದಂತೆ ಗೋಡೆಗೊಂದು ತೆಳು ಪಸೆ ಅಂಟಿರುತ್ತದೆ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4ರ ಕೆಳಗೇ ಉಳಿಯಲು ಅಷ್ಟು ಸಾಕು. ಆ ಪಸೆಯ ಹುಳಿ ಮುರಿಯುವುದು ಉಗುಳಿನ ಬೈಕಾರ್ಬನೇಟ್: ನುಂಗಿದ ಪ್ರತಿ ಗುಟುಕಿಗೂ ಪಿಎಚ್ ಒಂದೊಂದು ಮೆಟ್ಟಿಲು ಏರುತ್ತದೆ. ಗಾಢ ನಿದ್ದೆಯಲ್ಲಿ ಉಗುಳು ಊರುವುದೂ ನುಂಗುವುದೂ ಹೆಚ್ಚುಕಡಿಮೆ ನಿಂತೇಹೋಗುತ್ತವೆ. ರಾತ್ರಿಯ ತ್ರಾಸಕ್ಕೆ ದೊಡ್ಡ ಕಾರಣ ಇದೇ.

ಕೊನೆಯ ತಡೆ ಒಳಪದರ. ಜಠರದಂಥ ದಪ್ಪ ಲೋಳೆಯ ಹೊದಿಕೆ ಇದಕ್ಕಿಲ್ಲ. ಚಪ್ಪಟೆ ಕೋಶಗಳು ಪದರ ಪದರವಾಗಿ ಬೆಸೆದುಕೊಂಡಿವೆ. ಆಮ್ಲ ಮತ್ತೆ ಮತ್ತೆ ತಾಗಿದರೆ ಸಂದುಗಳು ಅಗಲವಾಗಿ ಒಳಗಿನ ನರಗಳಿಗೆ ಮುಟ್ಟುತ್ತದೆ.

ಹಾಗಾಗಿ ಊಟಕ್ಕೂ ನಿದ್ದೆಗೂ 3 ಗಂಟೆ ಅಂತರವಿರಲಿ. ಎರಡು ತಲೆದಿಂಬು ಇಡಬೇಡಿ, ನಡು ಬಾಗಿ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಮಂಚದ ತಲೆಕಡೆಯ ಎರಡೂ ಕಾಲಿಗೆ ಶಹಾಬಾದ್ ಫರ್ಸಿಯ (ಹಾಸುಗಲ್ಲಿನ) ತುಂಡುಗಳನ್ನು ಅಲುಗದಂತೆ ಒಟ್ಟಿ 15 ಸೆಂ.ಮೀ. ಎತ್ತರಿಸಿ, ಎಡಮಗ್ಗುಲಾಗಿ ಮಲಗಿ. ಉಂಡ ಮೇಲೆ ಅರ್ಧ ಗಂಟೆ ಸಕ್ಕರೆ ಇಲ್ಲದ ಚೂಯಿಂಗ್ ಗಮ್ ಅಗಿದರೆ ಉಗುಳು ಹೆಚ್ಚುತ್ತದೆ. ತಂಬಾಕು, ಗುಟ್ಕಾ ಇದ್ದರೆ ದಯವಿಟ್ಟು ಬಿಡಿ: ನಿಕೋಟಿನ್ ಅನ್ನನಾಳದ ಕೆಳತುದಿಯ ಬಿಗಿ ಸ್ನಾಯುವನ್ನು ಸಡಿಲಿಸುತ್ತದೆ, ಒಳಗೆ ಹೋಗಬೇಕಾದ ಉಗುಳನ್ನೂ ನೀವು ಉಗಿದುಬಿಡುತ್ತೀರಿ.

ತುತ್ತು ಸಿಕ್ಕಿಕೊಂಡಂತಾದರೆ, ತೂಕ ಇಳಿದರೆ, ಮಲ ಕಪ್ಪಾದರೆ ಮನೆಮದ್ದು ಬಿಟ್ಟು ವೈದ್ಯರ ಬಳಿ ಹೋಗಿ, ಎಂಡೋಸ್ಕೋಪಿ ಬೇಕಾಗಬಹುದು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ ಅದನ್ನು ಗ್ಯಾಸ್ ಎಂದುಕೊಳ್ಳದೆ ಅಂದೇ ಇಸಿಜಿ ಮಾಡಿಸಿ.