ಪ್ರತಿ: ನೀರು ಕೆಂಪಗಿಲ್ಲ, ಸರ್ಫಿಂಗ್‌ಗೆ ಇಳಿಯಬಹುದಾ?

ಅಮೆರಿಕದ ಫ್ಲಾರಿಡಾ ರಾಜ್ಯದ ಸರಸೋಟಾದಲ್ಲಿ ರೆಡ್ ಟೈಡ್ (ಕಡಲ ನೀರಿನಲ್ಲಿ ವಿಷಕಾರಿ ಪಾಚಿ ವಿಪರೀತ ಹೆಚ್ಚುವುದು) ಸುದ್ದಿಯಿದ್ದರೂ ನೀರು ಮಾಮೂಲಿನಂತಿದೆ, ಅಸ್ತಮಾ ಇರುವ ಮಗನನ್ನು ಸರ್ಫಿಂಗ್‌ಗೆ ಕರೆದೊಯ್ಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಬಣ್ಣ ನೋಡಿ ನಿರ್ಧರಿಸುವ ವಿಷಯವಲ್ಲ ಇದು.

ಫ್ಲಾರಿಡಾದ ಗಲ್ಫ್ ಕರಾವಳಿಯಲ್ಲಿ ರೆಡ್ ಟೈಡ್‌ಗೆ ಕಾರಣ ಕರೇನಿಯಾ ಬ್ರೆವಿಸ್ ಎಂಬ ಸೂಕ್ಷ್ಮ ಪಾಚಿ. ಅಲೆಯ ಹೊಡೆತಕ್ಕೆ ಅದರ ಜೀವಕೋಶ ಒಡೆದು ಬ್ರೆವೆಟಾಕ್ಸಿನ್ ಎಂಬ ವಿಷ ತುಂತುರಿನೊಡನೆ ಗಾಳಿಗೆ ಸೇರುತ್ತದೆ. ಸರ್ಫ್ ಮಾಡುವವರು ಇರುವುದೇ ಅಲೆ ಒಡೆಯುವ ಜಾಗದಲ್ಲಿ, ಅದೂ ಏದುಸಿರು ಬಿಡುತ್ತಾ. ಲೀಟರಿಗೆ 10,000 ಕೋಶ ದಾಟಿದರೆ ಕೆಮ್ಮು, ಗಂಟಲು ಕೆರೆತ, ಕಣ್ಣುರಿ ಬರಬಹುದು. ಆ ಹಂತದಲ್ಲಿ ನೀರಿನ ಬಣ್ಣ ಬದಲಾಗಿರುವುದಿಲ್ಲ. 1,00,000 ದಾಟಿದರೆ ಮೀನುಗಳೂ ಸಾಯತೊಡಗುತ್ತವೆ.

ಹೊರಡುವ ಮುನ್ನ ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ನಕ್ಷೆ ನೋಡಿ. ಆದರೆ ಅದರಲ್ಲಿರುವ ಮಾದರಿ ಕೆಲವು ದಿನ ಹಳೆಯದಿರಬಹುದು, ದಿನಾಂಕ ಗಮನಿಸಿ. ನಂತರ ಗಾಳಿ: ಅಲ್ಲಿ ಪಶ್ಚಿಮದ ಗಾಳಿ ವಿಷವನ್ನು ದಡಕ್ಕೆ ತರುತ್ತದೆ, ಪೂರ್ವದ ಗಾಳಿ ಕಡಲಿಗೆ ಒಯ್ಯುತ್ತದೆ. ಹಾಗೆಂದು ಪೂರ್ವದ ಗಾಳಿ ಇದ್ದರೂ ಮಗನನ್ನು ನೀರಿಗಿಳಿಸಬೇಡಿ.

ದಡದಲ್ಲಿದ್ದಾಗ ಕೆಮ್ಮು ಶುರುವಾದರೆ ತಕ್ಷಣ ಎಸಿ ಇರುವ ಕೋಣೆಗೆ ಹೋಗಿ; ಇನ್‌ಹೇಲರ್ ಕಾರಿನಲ್ಲಲ್ಲ, ಕೈಯಲ್ಲೇ ಇರಲಿ. ನೀರು ತಾಗಿದ್ದರೆ ಸಿಹಿನೀರಿನಲ್ಲಿ ಮೈ ತೊಳೆಯಿರಿ. ಅಲ್ಲಿ ನೀವೇ ಆರಿಸಿದ ಕಪ್ಪೆಚಿಪ್ಪನ್ನು ತಿನ್ನಲೇಬೇಡಿ, ಎಷ್ಟು ಬೇಯಿಸಿದರೂ ಈ ವಿಷ ಹೋಗುವುದಿಲ್ಲ.