'ಮಲೆಗಳಲ್ಲಿ ಮದುಮಗಳು' ನೂರು ಪುಟಕ್ಕೇ ನಿಂತುಹೋಗಿದ್ದರೆ

ನೂರು ಪುಟ ಓದಿದರೂ ನಾಯಕ ಯಾರು ಅಂತ ಗೊತ್ತಾಗಲಿಲ್ಲ, ಇದನ್ನು ಕನ್ನಡದ ಅತಿ ಶ್ರೇಷ್ಠ ಕಾದಂಬರಿ ಅಂತ ಯಾಕೆ ಹೊಗಳುತ್ತಾರೆ ಅಂತ ಕೇಳಿದ್ದೀರಿ. ತೊಡಕು ಬಹುಶಃ ಅಲ್ಲೇ ಇದೆ. ನೀವು ಹುಡುಕುತ್ತಿರುವ ನಾಯಕ ಇದರಲ್ಲಿ ಇಲ್ಲ. 'ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ' ಅಂತ ಕುವೆಂಪು ಶುರುವಿನಲ್ಲೇ ಬರೆದುಬಿಟ್ಟಿದ್ದಾರೆ.

ಮೊದಲು ಆ ಮಾತುಗಳನ್ನು ಇನ್ನೊಮ್ಮೆ ಓದಿ. ಆಮೇಲೆ ಒಂದು ಚೀಟಿಯಲ್ಲಿ ಕಥೆಯ ಊರು-ಮನೆಗಳ ಹೆಸರು, ಅಂದರೆ ಸಿಂಬಾವಿ, ಕೋಣೂರು, ಹಳೆಮನೆ, ಬೆಟ್ಟಳ್ಳಿ, ಹೂವಳ್ಳಿ ಅಂತ ಬರೆದು, ಯಾರು ಎಲ್ಲಿಯವರು ಅಂತ ಕೆಳಗೆ ಸೇರಿಸುತ್ತಾ ಹೋಗಿ. ಕಥೆ ಮನೆಯಿಂದ ಮನೆಗೆ ಕಾಡುದಾರಿಯಲ್ಲಿ ನಡೆಯುತ್ತದೆ, ಹಾಗಾಗಿ ಸುಮ್ನೆ ಹೆಸರುಗಳ ಪಟ್ಟಿಗಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇಷ್ಟಾದ ಮೇಲೆ ನಾಯಿಗುತ್ತಿಯ ಭಾಗಗಳನ್ನು ನಿಧಾನವಾಗಿ ಓದಿ. ಜೀತದಾಳು ಅವನು. ಅವನಿಗೂ ಅವನ ನಾಯಿ ಹುಲಿಯನಿಗೂ ಜಮೀನಿನ ಒಡೆಯರಾದ ಹೆಗ್ಗಡೆಯವರಿಗೆ ಸಿಕ್ಕಷ್ಟೇ ಗಮನ ಸಿಗುತ್ತದೆ. ಮಳೆ, ಜಿಗಣೆ, ಹಳುವಿಗೂ (ಕಾಡಿನ ಪೊದೆಗಳಿಗೂ) ಅಷ್ಟೇ. ನನ್ನ ಲೆಕ್ಕದಲ್ಲಿ 1967ರ ಈ ಪುಸ್ತಕದ ದೊಡ್ಡತನ ಇರುವುದು ಇದರಲ್ಲೇ, ದಪ್ಪದಲ್ಲಲ್ಲ.

ಮಲೆನಾಡಿನ ಮಾತು ಅರ್ಥವಾಗದಿದ್ದರೆ ಜೋರಾಗಿ ಓದಿ ನೋಡಿ, ಅರ್ಧ ತಾನಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲರಿಗೂ ಹೀಗಾಗುತ್ತದೆ ಅಂತ ಹೇಳಲಾರೆ. ಐತ, ಪೀಂಚಲು ಎಂಬ ಗಂಡ-ಹೆಂಡತಿ ಬರುವ ಕಡೆಯೂ ಮನಸ್ಸು ಕೂರದಿದ್ದರೆ ಈಗ ಬಿಟ್ಟುಬಿಡಿ, ಮಳೆಗಾಲದಲ್ಲಿ ಮತ್ತೆ ತೆಗೆಯಿರಿ.